ಊರಿಗೆ ಯಾವಾಗ ಹೋಗ್ತೀರಿ?

ಬೆಂಗಳೂರಿನ ಅಂಚಿನಲ್ಲಿ ಕಟ್ಟಡ ಕೆಲಸದವರು ಇರುವ ತಗಡಿನ ಶೆಡ್‌ಗಳಿಗೆ ಹೋಗಿ ಎಚ್‌ಐವಿ ಬಗ್ಗೆ ಮಾತಾಡುವುದು, ಪರೀಕ್ಷೆ ಮಾಡಿಸುವುದು ನನ್ನ ಕೆಲಸ. ಅಲ್ಲಿರುವವರಲ್ಲಿ ಜಾಸ್ತಿ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಪಕ್ಕದ ಸಾಲಿನಲ್ಲಿ ಒಡಿಶಾ, ಬಿಹಾರದ ಹುಡುಗರು.

ಶುರುವಿನಲ್ಲಿ ಬೆಳಿಗ್ಗೆ 11ಕ್ಕೆ ಹೋಗುತ್ತಿದ್ದೆ. ಆ ಹೊತ್ತಿಗೆ ಶೆಡ್‌ನಲ್ಲಿ ಯಾರಿರುತ್ತಾರೆ? ಕೂಸುಗಳು, ಬಾಣಂತಿಯರು, ಜ್ವರ ಬಂದು ಮಲಗಿದವರು. ಸಂಜೆ ಹೋಗಿ ನೋಡಿದೆ. ಬಟವಾಡೆ ದಿನ ಸಂಜೆ ಯಾರೂ ಕೈಗೆ ಸಿಗಲ್ಲ. ಕೊನೆಗೆ ಭಾನುವಾರ ಬೆಳಿಗ್ಗೆ, ಬಟ್ಟೆ ಒಗೆದು ಸ್ನಾನ ಮುಗಿಸಿ ಜನ ಸುಮ್ನೆ ಕೂತಿರುವ ಹೊತ್ತು ಸರಿಹೋಯಿತು.

ಇನ್ನೊಂದು ತಪ್ಪೂ ಮಾಡಿದ್ದೆ. 'ಏಡ್ಸ್ ತಪಾಸಣೆ' ಅಂತ ಬ್ಯಾನರ್ ಕಟ್ಟಿಸಿದ್ದೆ. ಅದರ ಕೆಳಗೆ ಬಂದು ಕೂತವರನ್ನು ಇಡೀ ಶೆಡ್ ನೋಡುತ್ತದೆ, ಅಲ್ವಾ? ಈಗ ಬಿಪಿ, ಶುಗರ್ ಜೊತೆ ಇದೂ ಒಂದು. ಹಾಗಂತ ಮುಚ್ಚಿಟ್ಟು ರಕ್ತ ತೆಗೆಯುವುದಿಲ್ಲ. ಪರದೆ ಹಿಂದೆ ಕೂರಿಸಿ, ಇದು ಎಚ್‌ಐವಿ ಪರೀಕ್ಷೆ ಅಂತ ಹೇಳಿ, ಒಪ್ಪಿದರೆ ಮಾತ್ರ. 2017ರ ಎಚ್‌ಐವಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಒಮ್ಮೆ ಒಬ್ಬ ಮೇಸ್ತ್ರಿ, "ಯಾರ್ಯಾರಿಗೆ ಅದ ಅಂತ ನನಗಷ್ಟೇ ಹೇಳ್ರಿ" ಅಂದರು. ಹೇಳಲ್ಲ ಅಂದೆ. ಆ ಮಾತು ಹೊರಗೆ ಹೋದರೆ ಒಬ್ಬರ ಕೂಲಿ ಹೋಗುತ್ತದೆ, ಮುಂದೆ ಯಾರೂ ನನ್ನ ಮುಂದೆ ಕೈ ಚಾಚುವುದಿಲ್ಲ.

"ಅಕ್ಕಾ, ನಂಗೇನಾಗ್ಯಾದ? ಗಟ್ಟಿ ಅದೀನಿ." ಇದು ನಾನು ದಿನಾ ಕೇಳುವ ಮಾತು. ಗಟ್ಟಿ ಇರುವುದು ನಿಜವೇ. ವೈರಸ್ ಒಳಗಿದ್ದರೂ ಎಷ್ಟೋ ವರ್ಷ ಮೈ ಗಟ್ಟಿಯಾಗೇ ಇರಬಹುದು, ಅದಕ್ಕೇ ನೋಡಬೇಕು ಅಂತ ಹೇಳುತ್ತೇನೆ.

ಕಂಬಿ ಕಟ್ಟುವವರ ಬೆರಳಿಂದ ಒಂದು ಹನಿ ರಕ್ತ ತೆಗೆಯುವುದು ಸುಲಭವಲ್ಲ. ಚರ್ಮ ಜಡ್ಡುಗಟ್ಟಿರುತ್ತದೆ, ಸಿಮೆಂಟಿಗೆ ಒಡೆದು ಬಿರುಕಾಗಿರುತ್ತದೆ. ಬಿಸಿನೀರಲ್ಲಿ ಕೈ ತೊಳೆಸಿ, ಒರೆಸಿ, ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಬೇಕು. ನಡುವೆ ಚುಚ್ಚಿದರೆ ಮರುದಿನ ಕಂಬಿ ಹಿಡಿಯುವಾಗ ನೋಯುತ್ತದೆ. ಹನಿ ಬಿದ್ದ ಮೇಲೆ ಸುಮಾರು 20 ನಿಮಿಷ ಕಾಯಬೇಕು. ನನ್ನ ನಿಜವಾದ ಕೆಲಸ ಆಗುವುದು ಆ 20 ನಿಮಿಷದಲ್ಲೇ. ಒಂದೇ ಬಕೆಟ್, ಒಂದೇ ತಟ್ಟೆ ಬಳಸಿದರೆ ಬರುತ್ತದಾ? ಸೊಳ್ಳೆ ಕಚ್ಚಿದರೆ? ಬರಲ್ಲ. ಆಮೇಲೆ ದನಿ ತಗ್ಗುತ್ತದೆ: "ಒಂದೇ ಸರ್ತಿ ಹೋಗಿದ್ದೆ ಅಕ್ಕಾ." ಆಗ ಕಾಂಡೋಮ್ ಬಗ್ಗೆ ಹೇಳುತ್ತೇನೆ. ಇತ್ತೀಚೆಗೆ ಹೋಗಿದ್ದರೆ ಇವತ್ತಿನ ಪರೀಕ್ಷೆಯಲ್ಲಿ ಗೊತ್ತಾಗದೇ ಇರಬಹುದು, 3 ತಿಂಗಳಿಗೆ ಇನ್ನೊಮ್ಮೆ ಮಾಡಿಸಿ ಅನ್ನುತ್ತೇನೆ. ಇಲ್ಲಿ ಅನುಮಾನ ಬಂದರೆ ಅದೇ ಕೊನೆಯಲ್ಲ, ಸರ್ಕಾರಿ ಕೇಂದ್ರದಲ್ಲಿ ಮತ್ತೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳುತ್ತಾರೆ.

ವಲಸೆ ಬಂದವರೇ ಕಾಯಿಲೆ ತರುತ್ತಾರೆ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮನೆ ಮಂದಿಯಿಂದ ದೂರ, ಆಸ್ಪತ್ರೆ ಎಲ್ಲಿದೆ ಅಂತ ಗೊತ್ತಿಲ್ಲದ ಜಾಗ, ಒಂದು ದಿನ ರಜೆ ಹಾಕಿದರೆ ಕೂಲಿ ಇಲ್ಲ. ಅಪಾಯ ಇರುವುದು ಇದರಲ್ಲಿ.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದವರು ಸೆಂಟ್ರಿಂಗ್ ಕೆಲಸದ ಒಬ್ಬರು. ಪಾಸಿಟಿವ್ ಬಂತು. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಮಾತ್ರೆ ಉಚಿತ, ದಿನಕ್ಕೆ ಒಂದೇ. ತಪ್ಪದೆ ತಗೊಂಡರು. ಜೂನ್‌ನಲ್ಲಿ ಮಿರ್ಗದ ಮಳೆ ಬಿತ್ತು. ಬಿತ್ತನೆಗೆ ಅರ್ಧ ಶೆಡ್ ಊರಿಗೆ ಹೊರಟಿತು, ಅವರೂ ಹೊರಟರು. ಮಾತ್ರೆ ಮುಗಿದ ಮೇಲೆ ಅಲ್ಲಿ ಎಲ್ಲಿ ಕೇಳಬೇಕು ಅಂತ ನಾನು ಹೇಳಿರಲೇ ಇಲ್ಲ. ವಾಪಸ್ ಬಂದಾಗ ಸೊರಗಿದ್ದರು, ಕೆಮ್ಮು ಬೇರೆ. ಟಿಬಿ ಹಿಡಿದಿತ್ತು. ಮಾತ್ರೆ ನಿಂತರೆ ವೈರಸ್ ಮತ್ತೆ ಏಳುತ್ತದೆ ಅಂತ ನನಗೆ ಗೊತ್ತಿತ್ತು. ಅವರ ಕ್ಯಾಲೆಂಡರ್ ನಾನು ಕೇಳಿರಲಿಲ್ಲ.

ಅಂದಿನಿಂದ ಮೊದಲು ಕೇಳುವುದೇ ಊರಿಗೆ ಯಾವಾಗ ಹೋಗ್ತೀರಿ ಅಂತ. ಸ್ವಲ್ಪ ದಿನಕ್ಕಾದರೆ ವೈದ್ಯರು ಸ್ಥಿತಿ ನೋಡಿ ಹೆಚ್ಚಿನ ಮಾತ್ರೆ ಕೊಡುತ್ತಾರೆ. ಊರಲ್ಲೇ ಉಳಿಯುವುದಾದರೆ ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗ ಮಾಡಿಸುತ್ತೇವೆ. ಹೊರಡುವವರ ಫೋನಲ್ಲಿ 1097 ಸೇವ್ ಮಾಡಿಕೊಡುತ್ತೇನೆ. ಇದು ಉಚಿತ ಸಹಾಯವಾಣಿ. ಮಾತ್ರೆ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ಕೇಳಿದಾಗ ಗಂಡಸರ ಮುಖವೇ ಬದಲಾಗುತ್ತದೆ.

ಆ ಸೆಂಟ್ರಿಂಗ್ ಕೆಲಸದವರ ಟಿಬಿ ವಾಸಿಯಾಯಿತು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವರೇ ಬಂದು, "ಅಕ್ಕಾ, ತೊಗರಿ ಬಿತ್ತಾಕ ಹೊಂಟೀನಿ" ಅಂದರು. ಎಆರ್‌ಟಿ ಕೇಂದ್ರದವರು ಕೊಡುವ ಚಿಕಿತ್ಸೆಯ ಹಸಿರು ಪುಸ್ತಕವನ್ನು ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಹೆಂಡತಿ ಇದ್ದರು, ಅವರ ಪರೀಕ್ಷೆ ನೆಗೆಟಿವ್ ಬಂದಿತ್ತು. ಮಾತ್ರೆ ಡಬ್ಬಿಗಳನ್ನು ಎರಡೆರಡು ಸಲ ಎಣಿಸಿ ಚೀಲಕ್ಕೆ ಹಾಕಿದ್ದು ಆಕೆಯೇ.