ಪಡಿತರ ಚೀಟಿಯೊಳಗೆ ಮಡಚಿಟ್ಟ ಪತ್ರ

ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಜೊತೆ ಕೆಲಸ ಶುರು ಮಾಡಿದ ಮೊದಲ ವರ್ಷ, ರೆಫರಲ್, ಅಂದರೆ ಮಗುವನ್ನು ಸಹಾಯ ಸಿಗುವ ಕಚೇರಿಗೋ ಆಸ್ಪತ್ರೆಗೋ ಕಳಿಸಿಕೊಡುವುದು, ನನ್ನ ಲೆಕ್ಕದಲ್ಲಿ ಒಂದು ಪತ್ರ ಅಷ್ಟೇ. ಎಂಟನೇ ತರಗತಿಯ ಒಬ್ಬ ಹುಡುಗಿ. ತಂದೆ ಇಲ್ಲ. ತಾಯಿ ಹತ್ತಿ ಬಿಡಿಸಲು ಹೋದ ದಿನ ತಮ್ಮನನ್ನು ನೋಡಿಕೊಳ್ಳಲು ಇವಳು ಶಾಲೆ ಬಿಡುತ್ತಿದ್ದಳು. ಜಿಲ್ಲೆಯ ಒಂದು ಕಚೇರಿಗೆ ಪತ್ರ ಬರೆದು ತಾಯಿಯ ಕೈಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಟಿಕ್ ಹಾಕಿದೆ.

ನಾಲ್ಕು ತಿಂಗಳ ನಂತರ ಹೋದಾಗ ಮನೆಯಲ್ಲಿ ಅಜ್ಜಿ ಮಾತ್ರ ಇದ್ದರು. ಉಳಿದವರು ಬೆಂಗಳೂರಿಗೆ ಗುಳೆ ಹೋಗಿದ್ದರು, ಹುಡುಗಿಯೂ ಸೇರಿ. ಅಜ್ಜಿ ಪಡಿತರ ಚೀಟಿ ಬಿಚ್ಚಿದರೆ ಒಳಗೆ ನನ್ನ ಪತ್ರ, ಮಡಚಿದ ಹಾಗೇ ಇತ್ತು. "ಒಂದ್ಸಲ ಹೋಗಿದ್ಳ್ರಿ. ಸಾಹೇಬ್ರಿಲ್ಲ, ನಾಳೆ ಬಾ ಅಂದ್ರಂತ. ಮತ್ತೊಂದಿನದ ಕೂಲಿ ಯಾರು ಕೊಡ್ತಾರ್ರಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವತ್ತಿನಿಂದ ಪತ್ರವನ್ನು ಮನೆಯವರ ಕೈಗೆ ಕೊಟ್ಟು ಕಳಿಸುವುದನ್ನು ಬಿಟ್ಟೆ.

ಈಗ ಹೇಗೆ ಮಾಡುತ್ತೇನೆ ಅನ್ನುವುದನ್ನು ಒಬ್ಬ ಹುಡುಗನ ವಿಷಯದಿಂದ ಹೇಳುತ್ತೇನೆ. ಊರು, ಹೆಸರು ಬರೆಯುವುದಿಲ್ಲ. ಒಂಬತ್ತನೇ ತರಗತಿಯ ಹುಡುಗ, ಸಂತೆಯ ದಿನ ಶಾಲೆಗೆ ಬರುತ್ತಿರಲಿಲ್ಲ. ಆಮೇಲೆ ಸಂತೆಯ ಮರುದಿನವೂ ಬರಲಿಲ್ಲ. ಇದನ್ನು ಗಮನಿಸಿದವರು ಗಣಿತದ ಮೇಷ್ಟ್ರು. ನನಗೆ ಸಮಯಕ್ಕೆ ಸರಿಯಾಗಿ ಸಿಗುವ ಸುದ್ದಿಗಳೆಲ್ಲ ಹೀಗೇ ಬರುತ್ತವೆ. ಹಾಜರಿ ಪುಸ್ತಕ ನೋಡುವ ಮೇಷ್ಟ್ರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಇವರ ಜೊತೆ ಸುಮ್ನೆ ಕೂತು ಚಹಾ ಕುಡಿಯುವುದೂ ನನ್ನ ಕೆಲಸವೇ ಅಂತ ನಾನು ನಂಬಿದ್ದೇನೆ. ಮಗು ಪೂರ್ತಿ ಶಾಲೆ ಬಿಟ್ಟ ಮೇಲೆ ಬರುವ ಸುದ್ದಿಯಿಂದ ಏನೂ ಮಾಡಲು ಆಗುವುದಿಲ್ಲ ಅಂತಲ್ಲ, ಆದರೆ ಹತ್ತು ಪಟ್ಟು ಕಷ್ಟ.

ಮೊದಲು ಹುಡುಗನ ಹತ್ತಿರ ಮಾತಾಡಿದೆ. ತಂದೆ ತೀರಿಹೋಗಿ ಒಂದೂವರೆ ವರ್ಷ ಆಗಿತ್ತು. ಸಂತೆಯಲ್ಲಿ ಮೂಟೆ ಹೊರುತ್ತಿದ್ದ. ರಾತ್ರಿ ನಿದ್ದೆ ಬರಲ್ಲ ಅಂದ. "ಇದನ್ನ ಯಾರಿಗೆ ಹೇಳಬಹುದು, ಯಾರಿಗೆ ಬೇಡ?" ಅಂತ ಕೇಳಿದೆ. "ಅವ್ವಗ ಹೇಳ್ರಿ, ಸಾಲ್ಯಾಗ ಬ್ಯಾಡ" ಅಂದ. ಒಂದು ಮಾತನ್ನು ಮಾತ್ರ ಶುರುವಿನಲ್ಲೇ ಹೇಳಿಬಿಡುತ್ತೇನೆ: ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟಿದ್ದರೆ ಅದನ್ನು ನಾನು ಗುಟ್ಟಾಗಿ ಇಡಲಾರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಮೊದಲೇ ಹೇಳದೆ ಆಮೇಲೆ ಮಾತು ಮುರಿದರೆ ಆ ಮಗು ಇನ್ನು ಯಾರನ್ನೂ ನಂಬುವುದಿಲ್ಲ.

ಪತ್ರ ಈಗಲೂ ಬರೆಯುತ್ತೇನೆ, ಒಂದೇ ಪುಟ. 'ಬಡ ಕುಟುಂಬ, ದಯವಿಟ್ಟು ಸಹಾಯ ಮಾಡಿ' ಅಂತ ಬರೆದರೆ ಓದಿದವರಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ: ಈ ತಿಂಗಳ 24 ಶಾಲಾ ದಿನಗಳಲ್ಲಿ 9 ದಿನ ಗೈರು, ತಂದೆ ತೀರಿದ್ದಾರೆ, ತಾಯಿ ಕೂಲಿ, ಕೇಳುತ್ತಿರುವುದು ಪ್ರಾಯೋಜಕತ್ವ (ಓದು ಮುಂದುವರಿಸಲು ಸರ್ಕಾರ ತಿಂಗಳು ತಿಂಗಳು ಕೊಡುವ ಹಣ). 'ಸೋಮಾರಿ', 'ದಾರಿ ತಪ್ಪಿದ ಹುಡುಗ' ಅನ್ನುವ ಮಾತುಗಳನ್ನು ಬರೆಯುವುದಿಲ್ಲ. ಆ ಕಾಗದ ಅವನ ಜೊತೆ ಎಷ್ಟು ವರ್ಷ ಇರುತ್ತದೋ!

ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯ ಕುಟುಂಬಕ್ಕೆ ವರ್ಷದ ಆದಾಯ 72,000 ದಾಟಿರಬಾರದು. ಕೆಲಸ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಮಗು, ಮನೆ ಎರಡನ್ನೂ ನೋಡಿ ವರದಿ ಮಾಡುತ್ತಾರೆ. ಆರೈಕೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಅಂದ ತಕ್ಷಣ ತಾಯಂದಿರು ಹೆದರುತ್ತಾರೆ, ಮಗುವನ್ನು ಹಾಸ್ಟೆಲಿಗೆ ಹಾಕಿಬಿಡುತ್ತಾರೆ ಅಂತ. ಈ ದುಡ್ಡು ಇರುವುದೇ ಮಗು ಮನೆಯಲ್ಲೇ ಇದ್ದು ಓದಲಿ ಅಂತ. ಇದನ್ನು ಎರಡು ಸಲ, ಮೂರು ಸಲ ಹೇಳಬೇಕಾಗುತ್ತದೆ.

ಈ ಹುಡುಗನ ಅರ್ಜಿಯಲ್ಲಿ ನಾವು ಸಿಕ್ಕಿಬಿದ್ದದ್ದು ತಂದೆಯ ಮರಣ ಪ್ರಮಾಣಪತ್ರದಲ್ಲಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಇವರು ಮಾಡಿಸಿರಲಿಲ್ಲ. ಮಣ್ಣು ಮಾಡಿ ಬಂದವರಿಗೆ ಅದು ನೆನಪಾಗುವುದಾದರೂ ಹೇಗೆ? ವರ್ಷ ದಾಟಿದರೆ ಮೇಲಿನ ಅಧಿಕಾರಿಯ ಆದೇಶ ಬೇಕು. ಅದಕ್ಕೆ ಪಂಚನಾಮೆ, ಅಫಿಡವಿಟ್, ಅಲೆದಾಟ. ಬೇರೆ ಎಲ್ಲಾ ಕಾಗದ ಎರಡು ವಾರದಲ್ಲಿ ಆದವು, ಇದೊಂದಕ್ಕೇ ಮೂರು ತಿಂಗಳು ಹಿಡಿಯಿತು. ಹಾಗಾಗಿ ಈಗ ಯಾವ ಮನೆಯಲ್ಲಿ ಸಾವಾದ ಸುದ್ದಿ ಬಂದರೂ ಮೊದಲ ತಿಂಗಳಲ್ಲೇ ಹೋಗಿ ಇದನ್ನು ಕೇಳುತ್ತೇನೆ. ಕೇಳುವಾಗ ಮುಜುಗರ ಆಗುತ್ತದೆ, ಆದರೂ ಕೇಳುತ್ತೇನೆ.

ಕಚೇರಿಗೆ ಹೋಗುವ ಮುಂಚೆ ಫೋನ್ ಮಾಡಿ ಯಾವ ದಿನ ಯಾರು ಇರುತ್ತಾರೆ ಅಂತ ತಿಳಿದುಕೊಳ್ಳುತ್ತೇನೆ. ಮೊದಲ ಸಲ ಜೊತೆಗೇ ಹೋಗುತ್ತೇನೆ. ಪತ್ರದ ನಕಲಿನ ಮೇಲೆ 'ಸ್ವೀಕರಿಸಲಾಗಿದೆ' ಅಂತ ಸೀಲ್ ಹಾಕಿಸಿಕೊಂಡು ತಾಯಿಗೆ ಕೊಡುತ್ತೇನೆ. ಹತ್ತು ದಿನಕ್ಕೆ ಮತ್ತೆ ಫೋನ್. ಕಚೇರಿಯಲ್ಲಿ ಇರುವವರಿಗೂ ಕೈತುಂಬ ಕೆಲಸ, ಅದಕ್ಕೇ ಜಗಳ ಆಡುವುದಿಲ್ಲ, ನೆನಪಿಸುತ್ತೇನೆ.

ನಿದ್ದೆಯ ವಿಷಯಕ್ಕೆ ತಾಲ್ಲೂಕು ಆಸ್ಪತ್ರೆಗೆ, ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇರುವ ಮಂಗಳವಾರ ಕರೆದುಕೊಂಡು ಹೋಗೋಣ ಅಂದೆ. ತಾಯಿಯ ಮುಖ ಸಣ್ಣದಾಯಿತು. "ನನ್ನ ಮಗಗ ಹುಚ್ಚು ಹಿಡದೈತೇನ್ರಿ ಅಕ್ಕಾರ?" ನಾನು ತಕ್ಷಣ ಸಮಾಧಾನ ಹೇಳಲಿಲ್ಲ. ನಿಮಗೆ ನಿದ್ದೆ ಬರುತ್ತಾ ಅಂತ ಕೇಳಿದೆ. ಅವರು ಅಳಲು ಶುರು ಮಾಡಿದರು. ಕೊನೆಗೆ ಇಬ್ಬರೂ ಬಂದರು. ಆಸ್ಪತ್ರೆ ದೂರ ಅನ್ನುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡುತ್ತೇನೆ. ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ನಿಧಾನವಾಗಿ ಮಾಡುವುದು ಸಮಯ ಇದ್ದಾಗ ಮಾತ್ರ. ಮುಂದಿನ ವಾರ ಹುಡುಗಿಯ ಮದುವೆ ಅಂತ ಗೊತ್ತಾದರೆ, ಮಗುವಿಗೆ ಹೊಡೆತ ಬೀಳುತ್ತಿದ್ದರೆ ಪತ್ರ ಬರೆಯುತ್ತಾ ಕೂರುವುದಿಲ್ಲ. ಅಲ್ಲೇ ನಿಂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ. ಯಾರು ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಹುಡುಗ ಈಗ ಹತ್ತನೇ ತರಗತಿ. ದುಡ್ಡು ತಾಯಿ-ಮಗನ ಜಂಟಿ ಖಾತೆಗೆ ಬರುತ್ತಿದೆ. ಆದರೂ ತಿಂಗಳಿಗೊಮ್ಮೆ ಸಂತೆಯ ದಿನ ತಪ್ಪಿಸುತ್ತಾನೆ. ಮೊನ್ನೆ ಮೇಷ್ಟ್ರು ಫೋನ್ ಮಾಡಿದ್ದರು. ಶನಿವಾರ ಅವರ ಮನೆಗೆ ಹೋಗುತ್ತಿದ್ದೇನೆ.