ಮುಖ ಹೋಲದಿದ್ದರೆ ಟ್ರೇಸಿಂಗ್ ಪೇಪರ್ ತನ್ನಿ

ಬರೆದ ಮುಖವನ್ನು ತೋರಿಸಿ ‘ಹೇಗಿದೆ?’ ಅಂದರೆ ‘ಸೂಪರ್’ ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ಮೈಸೂರಿನಲ್ಲಿ ನಾವು ಕೆಲವರು ಭಾನುವಾರ ಸಂಜೆ ಗೆಳತಿಯೊಬ್ಬಳ ಮನೆ ಮಹಡಿಯಲ್ಲಿ ಸೇರಿ ಒಬ್ಬರ ಮುಖ ಒಬ್ಬರು ಬರೆಯುತ್ತೇವೆ. ಅಲ್ಲಿ ‘ಹೇಗಿದೆ’ ಅನ್ನುವ ಹಾಗಿಲ್ಲ. ‘ಎಡಗಣ್ಣು ಮೂಗಿಗೆ ಹತ್ತಿರವಾಯ್ತಾ?’ ಅಂತ ಕೇಳಬೇಕು. ಆಗ ನೋಡುವವರೂ ನಿಜವಾಗಿ ನೋಡುತ್ತಾರೆ.

ತೋರಿಸುವ ಮೊದಲು ಕೆಲವು ಅಳತೆ ನೀವೇ ನೋಡಿಕೊಳ್ಳಿ. ಕೂದಲಿನ ಉಬ್ಬು ಬಿಟ್ಟು ನೆತ್ತಿಯಿಂದ ಗದ್ದದವರೆಗೆ ಅಳೆದರೆ, ದೊಡ್ಡವರ ಕಣ್ಣು ಹೆಚ್ಚುಕಡಿಮೆ ನಡುವಿಗೆ ಬರುತ್ತದೆ. ಹೊಸಬರು ಮೇಲೆ ಬರೆದುಬಿಡುತ್ತಾರೆ, ಹಣೆ ಕಿರಿದಾಗುತ್ತದೆ. ಮಕ್ಕಳ ಕಣ್ಣು ನಡುವಿಗಿಂತ ಕೆಳಗೆ. ಎರಡು ಕಣ್ಣಿನ ಮಧ್ಯೆ ಸುಮಾರು ಒಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ಇವು ಬರೀ ಅಂದಾಜು. ಆ ವ್ಯಕ್ತಿಯ ಮುಖ ಇದರಿಂದ ಎಲ್ಲಿ ತಪ್ಪುತ್ತದೋ ಅಲ್ಲೇ ಹೋಲಿಕೆ ಇರುವುದು.

ಫೋಟೋ ನೋಡಿ ಬರೆಯುವುದಾದರೆ ಸೆಲ್ಫಿ ಬೇಡ. ಹತ್ತಿರದಿಂದ ತೆಗೆದಾಗ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಐದಾರು ಅಡಿ ದೂರ ನಿಂತು, ಕಿಟಕಿ ಬೆಳಕು ಒಂದೇ ಕಡೆಯಿಂದ ಬೀಳುವಂತೆ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ನೆರಳೆಲ್ಲ ಮಾಯ.

ಈಗ ಗೆಳೆಯರ ಸರದಿ. ಚಿತ್ರದ ಪಕ್ಕ ಫೋಟೋ ಇಡಿ, ಇಲ್ಲವಾದರೆ ಅವರು ಯಾವುದಕ್ಕೆ ಹೋಲಿಸಬೇಕು? ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಕೆಂಪು ಪೆನ್ಸಿಲ್ ಅವರ ಕೈಗೆ ಕೊಡಿ. ‘ಬಾಯಿ ಸರಿಯಿಲ್ಲ’ ಅನ್ನುವ ಹತ್ತು ಮಾತಿಗಿಂತ ಅವರು ಎಳೆದ ಒಂದು ಗೆರೆ ಜಾಸ್ತಿ ಹೇಳುತ್ತದೆ. ನಿಮ್ಮ ಹಾಳೆಯೂ ಕೆಡುವುದಿಲ್ಲ. ಅವರು ಗೆರೆ ಎಳೆಯುವಾಗ ಸಮರ್ಥನೆ ಬೇಡ, ‘ಅವರ ಬಾಯಿ ಇರೋದೇ ಹಾಗೆ’ ಅನ್ನುವ ಆಸೆ ತಡೆದುಕೊಳ್ಳಿ. (ಕಷ್ಟ, ಗೊತ್ತು.) ಇಬ್ಬರು ಮೂವರು ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ತಪ್ಪಿದೆ. ಒಬ್ಬೊಬ್ಬರು ಒಂದೊಂದು ಹೇಳಿದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ತಿರುಗಿದ ಮುಖದಲ್ಲಿ ಓರೆ ಇದ್ದರೆ ತಟ್ಟನೆ ಕಾಣುತ್ತದೆ.

ನೆರಳಿನ ಬಗ್ಗೆ ಕೇಳುವಾಗ ಎಲ್ಲರೂ ಕಣ್ಣು ಅರ್ಧ ಮುಚ್ಚಿ ನೋಡಲಿ. ವಿವರ ಮರೆಯಾಗಿ ಕಪ್ಪು, ಬಿಳುಪು ಮಾತ್ರ ಉಳಿಯುತ್ತದೆ. ಇಲ್ಲಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣದ ಮುಂದೆಯೂ ಹೀಗೇ ಮಾಡಿ ನೋಡಿ. ದೀಪ ಕೆಳಗಿದೆ, ಮುಖದ ಬೆಳಕೆಲ್ಲ ಅಲ್ಲಿಂದ ಏರುತ್ತದೆ. ನಮ್ಮಲ್ಲಿ ತುಂಬ ಜನ ನೆರಳಿಗೆ ಹೆದರಿ ಮಾಮೂಲಿ ಎಚ್‌ಬಿ ಪೆನ್ಸಿಲಿನಲ್ಲೇ ನಿಂತುಬಿಡುತ್ತಾರೆ. ಅದಕ್ಕಿಂತ ಕಪ್ಪಾಗಿ ಬರೆಯುವ 4ಬಿ, 6ಬಿ ಪೆನ್ಸಿಲ್ ಇರುವುದು ಯಾಕೆ ಮತ್ತೆ? ಕಣ್ಣಿನ ಬಿಳಿಯೂ ಪೂರ್ತಿ ಬಿಳಿಯಲ್ಲ, ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ.

ಹಳೆಯ ಚಿತ್ರವನ್ನು ಅಳಿಸಿ ತಿದ್ದುತ್ತಾ ಕೂರಬೇಡಿ. ಕೆಂಪು ಗೆರೆಯ ಟ್ರೇಸಿಂಗ್ ಪೇಪರನ್ನು ಅದರ ಹಿಂದೆ ಅಂಟಿಸಿ, ತಾರೀಖು ಹಾಕಿ, ಅದೇ ಮುಖವನ್ನು ಹೊಸ ಹಾಳೆಯಲ್ಲಿ ಶುರು ಮಾಡಿ. ಮುಂದಿನ ವಾರ ಎರಡನ್ನೂ ಒಯ್ಯಿರಿ.