ಹೆಲಿಕಾಪ್ಟರ್ ಹಾರಿಸುವ ಮುನ್ನ ನಿಲ್ಲಿಸಲು ಕಲಿಯಿರಿ

ಡ್ರೋನ್ ಹಾರಿಸಿ ರೂಢಿಯಾದವರೂ ರೇಡಿಯೊ ನಿಯಂತ್ರಿತ ಹೆಲಿಕಾಪ್ಟರ್ ಕೈಗೆತ್ತಿಕೊಂಡಾಗ ತಬ್ಬಿಬ್ಬಾಗುತ್ತಾರೆ. ರಿಮೋಟಿನ ಸ್ಟಿಕ್ ಬಿಟ್ಟರೆ ಡ್ರೋನ್ ಜಿಪಿಎಸ್ ನೆರವಿನಿಂದ ಇದ್ದಲ್ಲೇ ನಿಲ್ಲುತ್ತದೆ. ಹೆಲಿಕಾಪ್ಟರ್ ವಾಲಿದ ಕಡೆಗೆ ಜಾರುತ್ತಲೇ ಹೋಗುತ್ತದೆ. ಅದನ್ನು ಗಾಳಿಯಲ್ಲಿ ಒಂದೆಡೆ ನಿಲ್ಲಿಸುವುದಕ್ಕೆ ಹೋವರ್ ಎನ್ನುತ್ತಾರೆ. ಕಲಿಕೆಯ ಬಹುಪಾಲು ಇಷ್ಟೇ. ಹೋವರ್ ಕಲಿಯದೆ ಮುಂದೆ ಓಡಿದವರ ಹಣವೆಲ್ಲ ಬಿಡಿಭಾಗಗಳಿಗೇ ಹೋಗುತ್ತದೆ.

ಮೊದಲು ಸಿಮ್ಯುಲೇಟರ್. ಟ್ರಾನ್ಸ್‌ಮಿಟರನ್ನು, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟನ್ನು, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ರಿಯಲ್‌ಫ್ಲೈಟ್‌ನಂಥ ತಂತ್ರಾಂಶದಲ್ಲಿ ಅಭ್ಯಾಸ ಮಾಡಿ. ಅಲ್ಲಿ ಎಷ್ಟು ಸಲ ಬಿದ್ದರೂ ಖರ್ಚಿಲ್ಲ. ಟ್ರಾನ್ಸ್‌ಮಿಟರ್ ಕೊಳ್ಳುವಾಗ ಅದು ಯಾವ ಮೋಡ್‌ನದು ಎಂದು ಕೇಳಿ. ಹೆಚ್ಚಿನವರು ಬಳಸುವುದು ಮೋಡ್ 2: ಎಡ ಸ್ಟಿಕ್ ಏರಿಳಿತಕ್ಕೆ ಮತ್ತು ಬಾಲ ತಿರುಗಿಸಲು, ಬಲ ಸ್ಟಿಕ್ ಹಿಂದೆ ಮುಂದೆ ಹಾಗೂ ಅಕ್ಕಪಕ್ಕ ವಾಲಿಸಲು. ಬೆರಳುಗಳಿಗೆ ಒಮ್ಮೆ ಒಂದು ಮೋಡ್ ಒಗ್ಗಿದ ಮೇಲೆ ಬದಲಾಯಿಸುವುದು ಬಲು ಕಷ್ಟ.

ಇನ್ನು ಖರೀದಿ. ಒಂದರ ಮೇಲೊಂದು ಎರಡು ರೋಟರ್ (ತಿರುಗುವ ರೆಕ್ಕೆ) ಇರುವ ಕೊಯಾಕ್ಸಿಯಲ್ ಮಾದರಿ ಮನೆಯೊಳಗೆ ಹಾರಿಸಲು ಸುಲಭ, ಆದರೆ ಅದರಿಂದ ಕಲಿಯುವುದು ಕಡಿಮೆ. ಕಲೆಕ್ಟಿವ್ ಪಿಚ್ ಮಾದರಿಯಲ್ಲಿ ಬ್ಲೇಡಿನ ಕೋನವೇ ಬದಲಾಗುವುದರಿಂದ ತಲೆಕೆಳಗಾಗಿಯೂ ಹಾರಿಸಬಹುದು. ಹೊಸಬರು ಸದ್ಯಕ್ಕೆ ಅದರ ಆಸೆ ಬಿಡಬೇಕು. ಒಂದೇ ರೋಟರಿನ, ನಾಲ್ಕು ಚಾನೆಲ್‌ನ (ಮೇಲೆ ಹೇಳಿದ ನಾಲ್ಕು ಚಲನೆಗೂ ಒಂದೊಂದು), ಡಬ್ಲ್ಯುಎಲ್ ಟಾಯ್ಸ್ ವಿ911ರಂಥ ಪುಟ್ಟ ಫಿಕ್ಸೆಡ್ ಪಿಚ್ (ಬ್ಲೇಡಿನ ಕೋನ ಬದಲಾಗದ) ಹೆಲಿಕಾಪ್ಟರ್ ಆರಂಭಕ್ಕೆ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕಿಂತ ದೊಡ್ಡದಾದ 450 ದರ್ಜೆಯ ಹೆಲಿಕಾಪ್ಟರಿನ ಬ್ಲೇಡ್ ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ, ತಗುಲಿದರೆ ಮೂಳೆಯವರೆಗೂ ಸೀಳುತ್ತದೆ. ಮಕ್ಕಳ ಕೈಗೆ ಆಟಿಕೆಯೆಂದು ಅದನ್ನು ಕೊಡಲೇಬೇಡಿ.

ಹಾರಿಸುವ ಜಾಗವನ್ನು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ನೋಡಿ ಗೊತ್ತುಮಾಡಿಕೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ ಆ ನಕ್ಷೆಯ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೆಂಗಳೂರಿನ ಜಕ್ಕೂರು, ಯಲಹಂಕ, ಎಚ್‌ಎಎಲ್ ವಿಮಾನ ನೆಲೆಗಳ ಸುತ್ತಮುತ್ತ ಇರುವವರಿಗೆ ಮನೆ ಪಕ್ಕದ ಮೈದಾನ ಸಿಗುವುದು ಅನುಮಾನ.

ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಹೋಗಿ. ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ಹೆಲಿಕಾಪ್ಟರಿಗೆ ಬ್ಯಾಟರಿ ಜೋಡಿಸಿ; ಇಳಿಸಿದ ಮೇಲೆ ಬ್ಯಾಟರಿ ಮೊದಲು ತೆಗೆಯಿರಿ. ಬ್ಯಾಟರಿ ಜೋಡಿಸಿದ ಕೆಲವು ಕ್ಷಣ ಹೆಲಿಕಾಪ್ಟರನ್ನು ಮುಟ್ಟಬೇಡಿ, ತಿರುಗುವಿಕೆಯನ್ನು ಅರಿಯುವ ಗೈರೋ ಸೆನ್ಸರ್ ಆಗ ತನ್ನ ಸಮಸ್ಥಿತಿಯನ್ನು ಗುರುತಿಸಿಕೊಳ್ಳುತ್ತಿರುತ್ತದೆ.

ಬಾಲ ನಿಮ್ಮ ಕಡೆಗಿರುವಂತೆ ಇಟ್ಟು, ನಾಲ್ಕೈದು ಮೀಟರ್ ಹಿಂದೆ ನಿಲ್ಲಿ. ಕಣ್ಣು ಬಾಲದ ಮೇಲಲ್ಲ, ಮೂತಿಯ ಮೇಲಿರಲಿ. ನೆಲಕ್ಕೆ ತೀರಾ ಹತ್ತಿರದಲ್ಲಿ ರೋಟರ್ ತಳ್ಳಿದ ಗಾಳಿ ನೆಲಕ್ಕೆ ಬಡಿದು ಕಲಕುವುದರಿಂದ ಹೆಲಿಕಾಪ್ಟರ್ ಹೊಯ್ದಾಡುತ್ತದೆ. ಹೆದರಿ ಅಲ್ಲೇ ತೆವಳಿಸದೆ ಸೊಂಟದೆತ್ತರಕ್ಕೆ ಏರಿಸಿ. ಅದು ಬಲಕ್ಕೆ ಜಾರತೊಡಗಿದರೆ ಸ್ಟಿಕ್ಕನ್ನು ಎಡಕ್ಕೆ ಕೂದಲೆಳೆಯಷ್ಟು ಸರಿಸಿ, ಜಾರುವುದು ನಿಲ್ಲುತ್ತಿದ್ದಂತೆ ಮತ್ತೆ ಬಲಕ್ಕೆ ಒಂದಿಷ್ಟು ಕೊಡಿ. ಈ ಎರಡನೆಯ ತಿದ್ದುಪಡಿ ಮರೆತರೆ ಅದು ಎಡಕ್ಕೆ ಹಾರಿ ಹೋಗುತ್ತದೆ. ಇಡೀ ಬ್ಯಾಟರಿ ಮುಗಿಯುವವರೆಗೂ ಎರಡು ಮೀಟರ್ ಚೌಕದೊಳಗೆ ನಿಲ್ಲಿಸಲು ಬಂದಾಗ ಪಕ್ಕಕ್ಕೆ ತಿರುಗಿಸಿ ಅಭ್ಯಾಸ ಮಾಡಿ, ಕೊನೆಗೆ ಮೂತಿ ನಿಮ್ಮ ಕಡೆ. ಇಲ್ಲಿ ಎಡಬಲ ತಿರುವುಮುರುವಾಗುತ್ತವೆ, ಎಷ್ಟೋ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಮೂತಿ ನಿಮ್ಮ ಕಡೆಗಿದ್ದಾಗ ಮಾತ್ರ, ವಾಲುವ ಬಾಳೆಗಿಡಕ್ಕೆ ಊರೆಗೋಲು ಕೊಡುವಂತೆ, ಯಾವ ಬದಿ ತಗ್ಗುತ್ತಿದೆಯೋ ಆ ಬದಿಗೇ ಸ್ಟಿಕ್ ಒತ್ತಿ. ಯೋಚಿಸದೆಯೇ ಕೈ ಸರಿಯಾಗಿ ಓಡತೊಡಗುತ್ತದೆ.

ಬೀಳುವುದು ಖಚಿತವೆನಿಸಿದ ಕೂಡಲೇ ಮೋಟಾರ್ ನಿಲ್ಲಿಸಿ. ದೊಡ್ಡ ಮಾದರಿಗಳಲ್ಲಿ ಇದಕ್ಕೆಂದೇ ಥ್ರಾಟಲ್ ಹೋಲ್ಡ್ ಸ್ವಿಚ್ ಇರುತ್ತದೆ. ಬ್ಲೇಡ್ ಸಿಕ್ಕಿಕೊಂಡಾಗಲೂ ಮೋಟಾರ್ ತಿರುಗಲು ಹೆಣಗಿದರೆ ಅದೇ ಸುಟ್ಟುಹೋಗುತ್ತದೆ.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ವಿಷಯದಲ್ಲಿ ಉದಾಸೀನ ಸಲ್ಲದು. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ, ರಾತ್ರಿ ಹಾಕಿ ಮಲಗಬೇಡಿ. ಸೆಲ್ ಒಂದಕ್ಕೆ 4.2 ವೋಲ್ಟ್ ಮೀರಬಾರದು, ಹಾರಾಟದಲ್ಲಿ 3.5ರ ಆಸುಪಾಸಿಗೆ ಬಂದಾಗ ಇಳಿಸಿಬಿಡಿ. ವಾರಗಟ್ಟಲೆ ಎತ್ತಿಡುವುದಾದರೆ 3.8 ವೋಲ್ಟ್‌ನಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ.